ಆನೆ ಹೋಗಲಿ, ಬೆಲ್ ಇರಲಿ

ನಲ್ಲಿಯ ವಾಶರ್ ಬದಲಿಸುವುದಕ್ಕೆ ಒಂದು ಸ್ಪ್ಯಾನರ್ ಬೇಕು, ಒಂದು ವಾಶರ್ ಬೇಕು, ಒಂದು ಆನೆ ಬೇಕು. ಆನೆ ಯಾಕೆ ಎಂದು ಕೇಳುತ್ತೀರಾ? ಹಾಗಾದರೆ ನೀವು ನಮ್ಮ ಕಾಕಾನ ವಿಡಿಯೋ ನೋಡಿಲ್ಲ ಎಂದಾಯಿತು. ಅದರಲ್ಲಿ ಬಿಗಿಯಾದ ನಟ್ಟು ಸಡಿಲವಾಗುವ ಹೊತ್ತಿಗೆ ಸರಿಯಾಗಿ ಆನೆ ಘೀಳಿಡುತ್ತದೆ. ನೀರಿನ ಮೊದಲ ಹನಿ ಬಕೆಟ್ಟಿಗೆ ಬಿದ್ದರೆ ಗುಡುಗುತ್ತದೆ. ಕೈಜಾರಿ ವಾಶರ್ ಕೆಳಗೆ ಬಿದ್ದರೆ ಎಲ್ಲಿಂದಲೋ ಹತ್ತಾರು ಜನ ಗೊಳ್ಳೆಂದು ನಗುತ್ತಾರೆ. ಕೊನೆಗೆ ನಲ್ಲಿ ಸೋರುವುದು ನಿಂತಾಗ ಬೀಳುವ ಚಪ್ಪಾಳೆಯಂತೂ ಯಾವ ಮಂತ್ರಿಗೂ ಬಿದ್ದಿರಲಾರದು. ಇಷ್ಟೆಲ್ಲದರ ನಡುವೆ ಎಲ್ಲೋ ದೂರದಲ್ಲಿ ಕಾಕಾನ ಧ್ವನಿ, "ಈಗ ನಟ್ ಸಾವಕಾಶ ತಿರುವ್ರಿ" ಎನ್ನುತ್ತಿರುತ್ತದೆ. ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ಎಂಬುದನ್ನು ಆನೆ ನುಂಗಿರುತ್ತದೆ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಧಾರವಾಡದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಪಂಪ್ ಕಾರ್ಖಾನೆಯಲ್ಲಿ ದುಡಿದು, ಅಲ್ಲಿಯೇ ನಿವೃತ್ತನಾದವನು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆಂದು ಕೇಳಿದರೆ "ಟೈಮ್ ಸಿಗಲಿಲ್ಲ ನೋಡವಾ" ಎನ್ನುತ್ತಾನೆ. ನಮ್ಮ ಮನೆಯಲ್ಲಿ ಅವನನ್ನು ಯಾರೂ ಬಹುವಚನದಲ್ಲಿ ಕರೆಯುವುದಿಲ್ಲ. ಒಮ್ಮೆ ನಾನು, ದೊಡ್ಡವಳಾದೆನಲ್ಲ, ಮರ್ಯಾದೆ ಇರಲಿ ಎಂದು "ಕಾಕಾ, ನೀವು ಚಹಾ ತಗೊಳ್ರಿ" ಎಂದಿದ್ದೆ. ಅವನು ಹಿಂತಿರುಗಿ ಬಾಗಿಲ ಕಡೆ ನೋಡಿ, "ಯಾರ ಬಂದ್ರು?" ಎಂದು ಕೇಳಿದ.

ಅವನಿಗೆ ಟೈಮ್ ಸಿಗದೇ ಇದ್ದದ್ದು ನಿಜ. ಡೊಂಬಿವಲಿಯ ಆ ಹಳೆಯ ಬಿಲ್ಡಿಂಗಿನಲ್ಲಿ ಯಾರ ಮನೆಯ ಮಿಕ್ಸರ್ ನಿಂತರೂ, ಇಸ್ತ್ರಿ ಪೆಟ್ಟಿಗೆ ಕಾಯದಿದ್ದರೂ, ಫ್ಯಾನ್ ನರಳಿದರೂ ಅದು ಕಾಕಾನ ಮನೆಗೇ ಬರುತ್ತಿತ್ತು. ಅವನ ಬಾಗಿಲು ಬೆಳಗಿನಿಂದ ರಾತ್ರಿಯವರೆಗೆ ತೆರೆದೇ ಇರುತ್ತಿತ್ತು. ಆದರೂ ಬಂದವರೆಲ್ಲ ಶಿಸ್ತಾಗಿ ಬೆಲ್ ಒತ್ತಿಯೇ ಒಳಗೆ ಬರುತ್ತಿದ್ದರು, ಅದೊಂದು ಪದ್ಧತಿ. ಕಾಕಾ ಕೂತಲ್ಲಿಂದಲೇ, "ಬರ್ರೀ, ಬಾಗಿಲಾ ತಗದ ಐತಿ" ಎಂದು ಕೂಗುತ್ತಿದ್ದ. ತೆರೆದ ಬಾಗಿಲಿಗೆ ಬೆಲ್ ಒತ್ತುವುದೇಕೆ, ಕಣ್ಣೆದುರಿಗೇ ತೆರೆದಿರುವ ಬಾಗಿಲನ್ನು ತೆರೆದಿದೆ ಎಂದು ಸಾರುವುದೇಕೆ? ಬೇಸಿಗೆ ರಜೆಯಲ್ಲಿ ಅಲ್ಲಿ ಹೋಗಿ ಇರುತ್ತಿದ್ದ ನಾನು ಈ ಪ್ರಶ್ನೆಯನ್ನು ಎಂದೂ ಕೇಳಲಿಲ್ಲ. ದಿನವಿಡೀ ಟಿಂಗ್ ಟಾಂಗ್, ದಿನವಿಡೀ "ಬರ್ರೀ". ಪಕ್ಕದಲ್ಲೇ ಲೋಕಲ್ ಟ್ರೇನಿನ ಹಳಿ ಬೇರೆ. ಆ ಮನೆಯಲ್ಲಿ ಪಿಸುಮಾತಿನಲ್ಲಿ ಯಾರೂ ಮಾತಾಡಿದ್ದು ನನಗೆ ನೆನಪಿಲ್ಲ.

ಆ ಬೆಲ್ಲಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಬಿಲ್ಡಿಂಗಿನ ಎಲ್ಲ ಮನೆಗಳಿಗೂ ಒಂದೇ ಥರದ ಬೆಲ್. ಕಾಕಾ ಸ್ಟೇಷನ್ನಿನ ಹತ್ತಿರದ ಹೋಲ್‌ಸೇಲ್ ಅಂಗಡಿಯಿಂದ ಒಂದು ಪೆಟ್ಟಿಗೆ ತುಂಬ ಬೆಲ್ ತಂದು ಎಲ್ಲರ ಮನೆಗೂ ತಾನೇ ಕೂಡಿಸಿದ್ದ. ಬಿಲ್ಡಿಂಗ್ ಹಳೆಯದಾಗಿ, ಕೆಡವಿ ಹೊಸದು ಕಟ್ಟುವ ಮಾತು ಪಕ್ಕಾ ಆಗಿ, ಎಲ್ಲರೂ ಮನೆ ಖಾಲಿ ಮಾಡುವ ದಿನ ಬಂದಾಗ ಕಾಕಾ ಸ್ಕ್ರೂಡ್ರೈವರ್ ಹಿಡಿದು ಮನೆಮನೆಗೆ ಹೋದ. "ನಾ ಹಾಕಿದ ಬೆಲ್, ಬಿಲ್ಡರ್‌ಗ ಯಾಕ ಬಿಡೂದು?" ಎಂದು ಎಲ್ಲವನ್ನೂ ಬಿಚ್ಚಿ, ಆಯಾ ಮನೆಯವರ ಕೈಗೇ ಕೊಟ್ಟ. ಬಿಲ್ಡಿಂಗಿನವರು ಚೆದುರಿದರು. ಒಬ್ಬರು ಬದಲಾಪುರಕ್ಕೆ, ಒಬ್ಬರು ಕಳವಾಕ್ಕೆ, ಒಬ್ಬರು ಐರೋಳಿಗೆ, ಎಲ್ಲೆಲ್ಲಿ ಬಾಡಿಗೆ ಹೊಂದಿತೋ ಅಲ್ಲಲ್ಲಿಗೆ. ಹೋದ ಕಡೆಯೆಲ್ಲ ತಮ್ಮ ಬೆಲ್ ತಾವು ಹಾಕಿಸಿಕೊಂಡರು. ಹೊಸ ಬಿಲ್ಡಿಂಗ್ ಎದ್ದ ಮೇಲೆ ಮತ್ತೆ ಎಲ್ಲರೂ ಸೇರುವುದೆಂದು ಮಾತಾಗಿತ್ತು. ಸದ್ಯಕ್ಕೆ ಆ ಜಾಗದಲ್ಲಿ ಒಂದು ದೊಡ್ಡ ಗುಂಡಿಯಿದೆ, ಗುಂಡಿಯಲ್ಲಿ ಮಳೆಗಾಲದ ನೀರಿದೆ.

ಕಾಕಾ ಥಾಣೆಯ ಮಾಜಿವಾಡಾಕ್ಕೆ ಹೋದ. ಅಲ್ಲಿಯ ಒಂದು ಎತ್ತರದ ಟವರಿನಲ್ಲಿ ನಮ್ಮಕ್ಕನ ಫ್ಲಾಟ್ ಇದೆ. ಅಕ್ಕ, ಭಾವ ಪುಣೆಗೆ ವರ್ಗವಾಗಿ ಹೋದದ್ದರಿಂದ ಅದು ಖಾಲಿ ಬಿದ್ದಿತ್ತು. ಒಂದು ಕೀಲಿಕೈ ಕಾಕಾನ ಹತ್ತಿರ, ಇನ್ನೊಂದು ನನ್ನ ಹತ್ತಿರ. ಕಾಕಾ ಮಾಡಿದ ಮೊದಲ ಕೆಲಸವೆಂದರೆ ಅಕ್ಕ ಹಾಕಿಸಿದ್ದ ಹಾಡುವ ಬೆಲ್ಲನ್ನು ಕಿತ್ತು ತನ್ನ ಡೊಂಬಿವಲಿಯ ಬೆಲ್ ಕೂಡಿಸಿದ್ದು. ಎರಡನೆಯ ಕೆಲಸ, ಅದನ್ನು ಯಾರಾದರೂ ಬಾರಿಸಲಿ ಎಂದು ಕಾದದ್ದು.

ಬಾರಿಸುವವರು ಯಾರು? ಆ ಟವರಿನಲ್ಲಿ ಬೆಲ್ಲಿಗೆ ಕೆಲಸವೇ ಇಲ್ಲ. ಹಾಲಿನವನು ಚೀಲವನ್ನು ಹಿಡಿಕೆಗೆ ತೂಗುಹಾಕಿ ಹೋಗುತ್ತಾನೆ. ಪಾರ್ಸೆಲ್ಲು ಕೆಳಗೆ ವಾಚ್‌ಮನ್ ಹತ್ತಿರ ಉಳಿಯುತ್ತದೆ. ಯಾರಾದರೂ ಬಂದರೆ ಮೊದಲು ಗೇಟಿನಿಂದ ಮೊಬೈಲಿಗೆ ಸಂದೇಶ ಬರುತ್ತದೆ, ಅವರು ಮೇಲೆ ಬರುವಷ್ಟರಲ್ಲಿ ಮನೆಯವರು ಬಾಗಿಲು ತೆಗೆದು ನಿಂತಿರುತ್ತಾರೆ. ಎದುರಿನ ಫ್ಲಾಟಿನವರನ್ನು ಕಾಕಾ ಲಿಫ್ಟಿನಲ್ಲಿ ಮಾತ್ರ ಕಂಡಿದ್ದಾನೆ. ಅವರು ಮೊಬೈಲ್ ನೋಡುತ್ತಿದ್ದರು, ಕಾಕಾ ಅವರನ್ನು ನೋಡುತ್ತಿದ್ದ. ಕಿಟಕಿಗೆ ದಪ್ಪ ಗಾಜು. ಕೆಳಗೆ ಹೈವೇಯಲ್ಲಿ ಲಾರಿಗಳು ಸಾಲುಗಟ್ಟಿ ಓಡುವುದು ಕಾಣುತ್ತದೆ, ಕೇಳಿಸುವುದಿಲ್ಲ. "ಇಷ್ಟ ದೊಡ್ಡ ಊರು, ಯಾರೋ ಮ್ಯೂಟ್ ಮಾಡ್ಯಾರ ನೋಡವಾ" ಎಂದ ಕಾಕಾ. ಅವನು ತಮಾಷೆಗೇ ಹೇಳಿದ, ನಾನೂ ನಕ್ಕೆ. ಆದರೆ ಕಲ್ಯಾಣದ ನಮ್ಮ ಮನೆಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಆ ಮಾತು ನನ್ನ ಜೊತೆಗೇ ಬಂತು.

ಹೀಗಿರುವಾಗ ಬದಲಾಪುರದಿಂದ ಫೋನ್ ಬಂತು. ಬದಲಾಪುರದ ಅಕ್ಕ ಎಂದು ನಾವು ಕರೆಯುವುದು ಉಡುಪಿ ಕಡೆಯ ಒಬ್ಬ ಹೆಂಗಸನ್ನು. ಹಳೆಯ ಬಿಲ್ಡಿಂಗಿನಲ್ಲಿ ಕಾಕಾನ ಎದುರುಮನೆಯವರು. "ನನ್ನ ಮಿಕ್ಸರ್ ತಿರುಗುದಿಲ್ಲ ಮಾರಾಯ್ರೆ, ಈಗ ನಾನು ಎಂಥ ಮಾಡ್ಲಿ? ಚಟ್ನಿಗೆ ಹಾಕಿ ಆಗಿದೆ" ಎಂದರು. ಮಾಜಿವಾಡಾದಿಂದ ಬದಲಾಪುರಕ್ಕೆ ಕಾಕಾ ತಲುಪುವಷ್ಟರಲ್ಲಿ ಚಟ್ನಿ ಹುಳಿಯಾಗುತ್ತದೆ. ಫೋನಿನಲ್ಲಿ ಹೇಳಿದರೆ ಯಾವ ಸ್ಕ್ರೂ ಎಂದು ಅವರಿಗೆ ತಿಳಿಯುವುದಿಲ್ಲ. ಆಗ ಕಾಕಾನಿಗೆ ಹೊಳೆದದ್ದೇ ವಿಡಿಯೋ. ಒಂದು ಸ್ಟೂಲಿಗೆ ಮೊಬೈಲ್ ಕಟ್ಟಿ, ಫ್ಲಾಟಿನಲ್ಲಿದ್ದ ನಮ್ಮಕ್ಕನ ಮಿಕ್ಸರನ್ನೇ ಬಿಚ್ಚಿ, ವಿವರಿಸಿ, ಹಳೆಯ ಬಿಲ್ಡಿಂಗಿನ ಮೊಬೈಲ್ ಗ್ರೂಪಿಗೆ ಕಳಿಸಿದ. ಅಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಆದರೆ ಕಳಿಸುವ ಮೊದಲೇ, ಆ ಮೊಬೈಲಿನಲ್ಲಿ ಬಿಟ್ಟಿ ಸದ್ದುಗಳ ಒಂದು ಉಗ್ರಾಣವಿರುವುದು ಅವನಿಗೆ ಹೇಗೋ ಗೊತ್ತಾಗಿಬಿಟ್ಟಿತ್ತು.

ಆ ಮಿಕ್ಸರ್ ವಿಡಿಯೋವನ್ನು ನಾನು ಮೊದಲು ನೋಡಿದ್ದು ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದೆ, ಅದರ ಇನ್ನೊಂದು ತುದಿ ಬ್ಯಾಗಿನಲ್ಲೇ ಉಳಿದಿತ್ತು. ಗಾಡಿ ಮುಂಬ್ರಾ ದಾಟುತ್ತಿತ್ತು. ಕಾಕಾ ಮಿಕ್ಸರಿನ ತಳ ತೆರೆದದ್ದೇ ತಡ, ಒಂದು ಹಸುಗೂಸು ಕಿಟಾರನೆ ಅಳತೊಡಗಿತು. ಡಬ್ಬಿಯ ಹೆಂಗಸರೆಲ್ಲ ಎದ್ದರು. "ಬಚ್ಚಾ ಕಿಸಕಾ ಹೈ?" ಎಂದು ಒಬ್ಬಳು ಸೀಟಿನ ಕೆಳಗೆ ಬಗ್ಗಿದಳು. ಒಬ್ಬ ಅಜ್ಜಿ ಪಾಪ, ಕೈಚೀಲದಿಂದ ಬಿಸ್ಕತ್ ಪೊಟ್ಟಣವನ್ನೇ ತೆಗೆದರು. ನಾನು ಮೊಬೈಲ್ ತೋರಿಸಿ, ಅಳುತ್ತಿರುವುದು ಮಿಕ್ಸರ್ ಎಂದು ಹಿಂದಿಯಲ್ಲಿ ಹೇಳಬೇಕಾಯಿತು. ಅದಾದ ಮೇಲೆ ಥಾಣೆ ಬರುವವರೆಗೂ ಯಾರೂ ನನ್ನ ಪಕ್ಕದಲ್ಲಿ ಕೂರಲಿಲ್ಲ, ಆ ಹೊತ್ತಿನ ಗಾಡಿಯಲ್ಲಿ ಇದೊಂದು ಪವಾಡವೇ ಸರಿ.

ಆ ದಿನ ಸಂಜೆ ಫೋನ್ ಮಾಡಿ ಜಾಡಿಸಿದೆ. "ಕಾಕಾ, ಕೂಸಿನ ಅಳು ಯಾಕ ಹಾಕಿದಿ?"

"ಒಳಗ ಧೂಳ ತುಂಬಿದ್ರ ಮಿಕ್ಸರ್‌ಗ ಎಷ್ಟ ತ್ರಾಸ ಆಗತೈತಿ ಅನ್ನೂದು ಜನಕ್ಕ ತಿಳೀಬೇಕೋ ಬ್ಯಾಡೋ?"

ಇದಕ್ಕೆ ಏನು ಹೇಳುತ್ತೀರಿ?

ಜನ ಸುಮ್ಮನಿದ್ದರೇ? ಇರಲಿಲ್ಲ. ಪ್ರತಿ ವಿಡಿಯೋ ಹೋದ ಕೂಡಲೇ ಕಾಕಾನಿಗೆ ಫೋನಿನ ಮೇಲೆ ಫೋನ್. ಆನೆ ಕೂಗಿದಾಗ ನೀವೇನೋ ಹೇಳಿದಿರಲ್ಲ, ಏನದು? ಗುಡುಗಿದ ಮೇಲೆ ಯಾವ ವಾಯರ್ ಹಿಡಿಯಬೇಕು? ಕಾಕಾ ಒಬ್ಬೊಬ್ಬರಿಗೂ ಸಾವಕಾಶವಾಗಿ ವಿವರಿಸುತ್ತಿದ್ದ. ವಾಯರಿನಿಂದ ಶುರುವಾದ ಮಾತು ಮೊಣಕಾಲು ನೋವಿಗೆ ಹೋಗಿ, ಅಲ್ಲಿಂದ ಬಿಲ್ಡರಿನ ವಂಶವನ್ನು ಬೈದು, ಮತ್ತೆ ವಾಯರಿಗೆ ಬಂದು ಮುಗಿಯುತ್ತಿತ್ತು.

ಎಲ್ಲರ ತಾಳ್ಮೆ ಕೆಟ್ಟದ್ದು ಇಸ್ತ್ರಿ ಪೆಟ್ಟಿಗೆಯ ವಿಡಿಯೋದಿಂದ. ಅದರಲ್ಲಿ ಕಾಕಾ ಒಂದೊಂದು ಹಂತ ಮುಗಿದಾಗಲೂ, ಇನ್ನು ಮುಂದಿನದು ಎಂದು ಸೂಚಿಸಲು ಒಂದು ಬೆಲ್ ಹಾಕಿದ. ಯಾವ ಬೆಲ್? ಮೊಬೈಲಿನ ಉಗ್ರಾಣದ ಬೆಲ್ ಅವನಿಗೆ ಹಿಡಿಸಲಿಲ್ಲ. ತನ್ನ ಬಾಗಿಲಿಗೆ ತಾನೇ ಹೋಗಿ, ತನ್ನ ಬೆಲ್ ತಾನೇ ಒತ್ತಿ, ಅದನ್ನೇ ರೆಕಾರ್ಡ್ ಮಾಡಿ ಹಾಕಿದ. ಆಗ ಏನಾಗಬೇಕೋ ಅದೇ ಆಯಿತು. ಬದಲಾಪುರದಲ್ಲಿ, ಕಳವಾದಲ್ಲಿ, ಐರೋಳಿಯಲ್ಲಿ, ಎಲ್ಲೆಲ್ಲಿ ಕಾಕಾನ ಬೆಲ್ಲಿತ್ತೋ ಅಲ್ಲೆಲ್ಲ ಜನ ವಿಡಿಯೋ ನೋಡುತ್ತ ಕೂತವರು ಎದ್ದು ಹೋಗಿ ಬಾಗಿಲು ತೆಗೆದರು. ಯಾರೂ ಇಲ್ಲ. ವಾಪಸು ಬಂದು ಕೂತರು. ಮತ್ತೆ ಟಿಂಗ್ ಟಾಂಗ್. ಮತ್ತೆ ಎದ್ದರು. ಕಳವಾದ ಆಜೋಬಾ, ಅಂದರೆ ಹಳೆಯ ಬಿಲ್ಡಿಂಗಿನ ಮರಾಠಿ ಅಜ್ಜ, ಮಂಡಿನೋವಿನವರು, ಪಕ್ಕದ ಮನೆಯ ಮಕ್ಕಳೇ ಕೀಟಲೆ ಮಾಡುತ್ತಿದ್ದಾರೆಂದು ಕೋಲು ಹಿಡಿದು ಮೆಟ್ಟಿಲ ಮೇಲೆ ಕಾದು ಕೂತರಂತೆ. ಬದಲಾಪುರದ ಅಕ್ಕ ನನಗೇ ಫೋನ್ ಮಾಡಿದರು.

"ನಿನ್ನ ಕಾಕಾನಿಗೆ ಸ್ವಲ್ಪ ಹೇಳು ಮಾರಾಯ್ತಿ. ಬೆಲ್ ಆಯ್ತು ಅಂತ ನಾನು ಬಾಗಿಲು ತೆಗೀಲಿಕ್ಕೆ ಹೋದದ್ದು, ಇಲ್ಲಿ ಹಾಲು ಪೂರ್ತಿ ಉಕ್ಕಿ ಹೋಯ್ತು. ಇಸ್ತ್ರಿ ಪೆಟ್ಟಿಗೆ ಸಾಯ್ಲಿ, ನನಗೀಗ ಗ್ಯಾಸ್ ಒಲೆ ಕ್ಲೀನ್ ಮಾಡುವ ವಿಡಿಯೋ ಬೇಕು."

ನನಗೇ ಏಕೆ ಫೋನ್ ಮಾಡಿದರೆಂದರೆ ನನ್ನ ಹೊಟ್ಟೆಪಾಡೇ ಅದು. ನವಿ ಮುಂಬಯಿಯ ಒಂದು ಆಫೀಸಿನಲ್ಲಿ ನಾನು ಕಾರ್ಖಾನೆಗಳಿಗೆ ಕಲಿಕೆಯ ವಿಡಿಯೋ ಮಾಡಿಕೊಡುತ್ತೇನೆ. ಯಂತ್ರ ಹೇಗೆ ಬಿಚ್ಚುವುದು, ಹೇಗೆ ಜೋಡಿಸುವುದು ಎಂದು ಹೇಳುವ ಆ ಒಣ ಧ್ವನಿ ಹಲವು ಸಲ ನನ್ನದೇ. ನಮ್ಮ ಮೇಡಂ ಸದ್ದಿನ ವಿಷಯದಲ್ಲಿ ಭಾರಿ ಜಿಪುಣಿ. ಕೇಳುವವನ ಕೈಗೆ ಉಪಯೋಗವಾಗುವ ಸದ್ದು ಮಾತ್ರ ಇರಲಿ, ಉಳಿದದ್ದೆಲ್ಲ ಗದ್ದಲ ಎನ್ನುತ್ತಾರೆ. ಮುಚ್ಚಳ ಸರಿಯಾಗಿ ಕೂತಾಗ ಬರುವ 'ಟಕ್' ಇರಬೇಕು, ಯಾಕೆಂದರೆ ಅದು ಕೇಳಿಸದಿದ್ದರೆ ಕೂತಿಲ್ಲವೆಂದು ಅರ್ಥ. ಅದೂ ಒಂದೇ ಸಲ.

ಮುಂದಿನ ಭಾನುವಾರ ಮಾಜಿವಾಡಾಕ್ಕೆ ಹೋಗಿ ಕಾಕಾನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತೆ. ಕತ್ತರಿ ಪ್ರಯೋಗ ಶುರುವಾಯಿತು. ಕಾಕಾ ಸಂತೆಯಲ್ಲಿ ಮೆಣಸಿನಕಾಯಿಗೆ ಚೌಕಾಸಿ ಮಾಡುವವನಂತೆ ಒಂದೊಂದು ಸದ್ದಿಗೂ ಜಗ್ಗಾಡಿದ.

"ಆನಿ ತಗೀಲೇನು?"

"ಸಣ್ಣ ಆನಿ ಐತಿ, ಇರ್ಲಿ ಬಿಡು."

"ಕಾಕಾ, ನೀ ಎಡಕ್ಕ ತಿರುವ್ರಿ ಅಂದದ್ದು ಅದರ ಕೆಳಗ ಮುಚ್ಚಿ ಹೋಗೇತಿ."

"ಹಂಗಾರ ಹೋಗ್ಲಿ." ಸ್ವಲ್ಪ ತಡೆದು, "ಗುಡುಗು?"

"ಗುಡುಗೂ ಹೋಗ್ಲಿ."

"ಚಪ್ಪಾಳಿ?"

"ನಿನಗ ನೀನ ಚಪ್ಪಾಳಿ ಹೊಡಕೊಂಡ್ರ ಚಂದ ಕಾಣತೈತೇನು?"

"ಬ್ಯಾರೆ ಯಾರ ಅದಾರ ಇಲ್ಲಿ ಹೊಡಿಯಾಕ?" ಎಂದ ಕಾಕಾ. ಆಮೇಲೆ ತಾನೇ ನಕ್ಕು, "ತಗಿ, ತಗಿ" ಎಂದ.

ಆನೆ ಹೋಯಿತು, ಗುಡುಗು ಹೋಯಿತು, ಕೂಸು ಅಳು ನಿಲ್ಲಿಸಿತು, ನಗುವವರು ಬಾಯಿ ಮುಚ್ಚಿದರು. ಕೊನೆಗೆ ಬೆಲ್ಲಿನ ಸರದಿ ಬಂತು. ಇದೇ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು, ಇದನ್ನು ಮೊದಲು ತೆಗೆಯಬೇಕಿತ್ತು ಎಂದೆ. ಕಾಕಾ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ.

"ಆನಿ ಹೋಗ್ಲಿ. ಬೆಲ್ ಒಂದ ಇರ್ಲಿ."

"ಅದರಿಂದ ಯಾರಿಗೂ ಏನೂ ತಿಳಿಯೂದಿಲ್ಲ ಕಾಕಾ. ಸುಮ್ಮನ ಎದ್ದು ಹೋಗಿ ಬಾಗಿಲಾ ತಗೀತಾರ."

"ತಗದು ನೋಡ್ಲಿ. ಏನ ಆಗತೈತಿ?"

ನಾನು ನಮ್ಮ ಮೇಡಂ ಹೇಳುವುದನ್ನೆಲ್ಲ ಹೇಳಿದೆ. ಕಾಕಾ ಕೇಳಿದ. "ನೀ ಕಲತಾಕಿ. ನಿನಗ ತಿಳದಂಗ ಮಾಡು" ಎಂದು ಎದ್ದು ಚಹಾ ಇಡಲು ಹೋದ. ನಾನು ಬೆಲ್ ತೆಗೆದೆ. ವಿಡಿಯೋ ಸ್ವಚ್ಛವಾಯಿತು. ಪ್ಲಗ್ಗು ಕೂತಾಗಿನ ಒಂದು 'ಟಕ್' ಬಿಟ್ಟರೆ ಕಾಕಾನ ಮಾತು ಮಾತ್ರ, ಎಷ್ಟು ಸ್ಪಷ್ಟವೆಂದರೆ ಅವನು ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು.

ಅಲ್ಲಿಂದ ಮುಂದೆ ಕಾಕಾ ಮಾಡಿ ಕಳಿಸಿದ್ದನ್ನೆಲ್ಲ ನಾನೇ ಸ್ವಚ್ಛ ಮಾಡಿ ಗ್ರೂಪಿಗೆ ಹಾಕತೊಡಗಿದೆ. ಎಲ್ಲರಿಗೂ ಬಲು ಹಿಡಿಸಿತು. ಹೆಬ್ಬೆರಳು ಎತ್ತಿದ ಚಿತ್ರಗಳು ಸಾಲಾಗಿ ಬಂದವು. ಫ್ಯಾನ್ ತಿರುಗಿತು, ಇಸ್ತ್ರಿ ಕಾಯಿತು. ನನಗೆ ಒಳಗೊಳಗೇ ಹೆಮ್ಮೆ. ಬದಲಾಪುರದ ಅಕ್ಕ ಒಂದು ದಿನ ಸಿಕ್ಕಾಗ ಹೊಗಳಿಯೇ ಹೊಗಳಿದರು.

"ಈಗ ಭಾರೀ ಕ್ಲಿಯರ್ ಉಂಟು. ನೋಡಿದ ಕೂಡ್ಲೇ ಗೊತ್ತಾಗ್ತದೆ. ಮೊದಲಿನ ಹಾಗೆ ನಿನ್ನ ಕಾಕಾನಿಗೆ ಫೋನ್ ಮಾಡಿ ಕೇಳುವ ಕೆಲಸವೇ ಇಲ್ಲ."

ಆ ಹೊಗಳಿಕೆಯನ್ನು ಹೊತ್ತುಕೊಂಡು ಖುಷಿಯಿಂದಲೇ ಕಾಕಾನ ಮನೆಗೆ ಹೊರಟವಳಿಗೆ, ಥಾಣೆಯ ರಿಕ್ಷಾದಲ್ಲಿ ಕೂತ ಮೇಲೆ ಆ ಮಾತು ನಿಧಾನವಾಗಿ ಚುಚ್ಚತೊಡಗಿತು. ಫೋನ್ ಮಾಡಿ ಕೇಳುವ ಕೆಲಸವೇ ಇಲ್ಲ. ಅಂದರೆ ಈಗ ಕಾಕಾನ ಜೊತೆ ಮಾತಾಡುವವರು ಯಾರು?

ಮೇಲೆ ಹೋಗಿ ಎಂದಿನಂತೆ ನನ್ನ ಕೀಲಿಕೈಯಿಂದ ಬಾಗಿಲು ತೆರೆದೆ. ಹಾಲ್‌ನಲ್ಲಿ ಟಿವಿ ನಡೆಯುತ್ತಿತ್ತು. ಟಿವಿಯಲ್ಲಿ ಕಾಕಾನೇ ಇದ್ದ, ಇಸ್ತ್ರಿ ಪೆಟ್ಟಿಗೆ ಬಿಚ್ಚುತ್ತಿದ್ದ. ನಾನು ಸ್ವಚ್ಛ ಮಾಡಿದ್ದಲ್ಲ, ಮೊದಲಿನದು. ನಿಜವಾದ ಕಾಕಾ ಅಡುಗೆಮನೆಯಲ್ಲಿದ್ದ, ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನು ಚಪ್ಪಲಿ ಬಿಡುತ್ತಿರುವಾಗ ಟಿವಿಯೊಳಗೆ ಟಿಂಗ್ ಟಾಂಗ್ ಎಂದಿತು. ಒಳಗೆ ಗ್ಯಾಸ್ ಆರಿಸಿದ ಸದ್ದು. ಟವೆಲ್ಲಿಗೆ ಕೈ ಒರೆಸುತ್ತ ಕಾಕಾ ಲಗುಬಗೆಯಿಂದ ಹೊರಗೆ ಬಂದ, ನೇರ ಬಾಗಿಲಿಗೆ ಬಂದ. ಬಾಗಿಲಲ್ಲಿ ನಾನು ನಿಂತಿದ್ದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

"ಯಾವಾಗ ಬಂದಿ?"

"ಈಗ. ಕಾಕಾ, ಅದು ಟಿವಿಯೊಳಗಿನ ಬೆಲ್."

"ಗೊತ್ತೈತಿ."

"ಗೊತ್ತಿದ್ದೂ ಒಲಿ ಆರಿಸಿ ಬಂದಿ?"

"ಬೆಲ್ ಆದ್ರ ಏಳಬೇಕಲ್ಲವಾ" ಎಂದ ಕಾಕಾ, ಇದೂ ಒಂದು ಪ್ರಶ್ನೆಯೇ ಎಂಬಂತೆ. ಟಿವಿ ಆರಿಸಿ, "ನಡಿ, ಊಟಾ ಮಾಡು" ಎಂದ. ಊಟಕ್ಕೆ ಕೂತಾಗ, ಕಡಲೆಹಿಟ್ಟಿನ ಜುಣಕದ ವಡಿ ಚೆನ್ನಾಗಿದೆ ಎಂದಷ್ಟೇ ಹೇಳಿದೆ. ನನ್ನ ಕಾಕಾ ಒಂಟಿಯಾಗಿದ್ದಾನೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಟಿವಿಯೊಳಗಿನ ಬೆಲ್ಲಿಗೂ ಒಲೆ ಆರಿಸಿ ಬಾಗಿಲವರೆಗೆ ಬರುವಷ್ಟು ಒಂಟಿ ಎಂದು ಗೊತ್ತಿರಲಿಲ್ಲ.

ಮರುವಾರ ಮತ್ತೆ ಹೋದೆ. ಗೇಟಿನಲ್ಲಿ ವಾಚ್‌ಮನ್ ಮೊಬೈಲ್ ಎತ್ತಿದ. ಮೇಲೆ ತಿಳಿಸಬೇಡ, ಮನೆಯವಳೇ ಅಲ್ಲವೇ ಎಂದು ಕೈಮುಗಿದು ಲಿಫ್ಟ್ ಹತ್ತಿದೆ. ಬಾಗಿಲ ಮುಂದೆ ನಿಂತು, ಅಭ್ಯಾಸಬಲದಿಂದ ಕೈಗೆ ಬಂದಿದ್ದ ಕೀಲಿಕೈಯನ್ನು ವಾಪಸು ಬ್ಯಾಗಿಗೆ ಹಾಕಿ, ಬೆಲ್ ಒತ್ತಿದೆ.

ಟಿಂಗ್ ಟಾಂಗ್. ಹೆಜ್ಜೆಯ ಸಪ್ಪಳವಿಲ್ಲ. ಬದಲಿಗೆ ಒಳಗಿನಿಂದ ಗೊಣಗುವುದು ಕೇಳಿಸಿತು. "ಟಿವಿ ಬಂದ್ ಐತಿ, ಮೊಬೈಲೂ ಬಂದ್ ಐತಿ. ಮತ್ತ ಎಲ್ಲಿಂದ ಬಂತಿದು?"

ಇನ್ನೊಮ್ಮೆ ಒತ್ತಿದೆ. ಈಗ ಏನೋ ಉರುಳಿ ಬಿತ್ತು, ಚಪ್ಪಲಿಯ ಸದ್ದು ಓಡಿ ಬಂತು, ಬಾಗಿಲು ತೆರೆಯಿತು. ಕಾಕಾನ ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

"ನೀನಾ? ಕೀಲಿ ಮರತಿ ಏನು?"

"ಇಲ್ಲ. ಬ್ಯಾಗಿನ್ಯಾಗ ಐತಿ."

ಕಾಕಾ ನನ್ನನ್ನು ನೋಡಿದ. ಬೆಲ್ಲನ್ನು ನೋಡಿದ. "ಎರಡ ಸಲ ಯಾಕ ಬಾರಿಸಿದಿ? ಒಂದ ಸಪ್ಪಳ ಒಂದ ಸಲ ಸಾಕು ಅಂತ ನೀನ ಕಲಿಸಿದ್ದಿ."

"ಮೊದಲನೇದಕ್ಕ ನೀ ಏಳಲಿಲ್ಲಲ್ಲ."

ಅವನು ಏನೋ ಯೋಚಿಸಿದ. ನಾನು ಒಳಗೆ ಕಾಲಿಡಲು ಹೋದರೆ ಸ್ಕ್ರೂಡ್ರೈವರ್ ಅಡ್ಡ ಹಿಡಿದ. "ನಿಂದ್ರು. ಹೊರಗ ನಿಂದ್ರು ಸ್ವಲ್ಪ. ನಾ ಒಳಗ ಹೋಗಿ ಕುಂಡರತೀನಿ. ಇನ್ನ ಒಮ್ಮಿ ಬಾರಿಸು. ಒಮ್ಮಿ ಅಷ್ಟ."

ಬಾಗಿಲು ಮುಚ್ಚಿತು. ಚಪ್ಪಲಿಯ ಸದ್ದು ಒಳಗೆ ಹೋಯಿತು, ಕುರ್ಚಿ ಕಿರ್ರೆಂದಿತು. ಆ ಉದ್ದನೆಯ ಕಾರಿಡಾರಿನಲ್ಲಿ ಮುಚ್ಚಿದ ಬಾಗಿಲುಗಳ ನಡುವೆ ನಾನೊಬ್ಬಳೇ ನಿಂತಿದ್ದೆ. ಬೆಲ್ ಒತ್ತಿದೆ.

"ಬರ್ರೀ, ಬಾಗಿಲಾ ತಗದ ಐತಿ."

ಎಷ್ಟು ದೊಡ್ಡ ಧ್ವನಿಯೆಂದರೆ ಎದುರಿನ ಫ್ಲಾಟಿನವರು ಬಾಗಿಲು ತೆರೆದು ಇಣುಕಿದರು. ಅವರನ್ನು ನೋಡಿ ನಕ್ಕೆ, ಕಣ್ಣು ಒರೆಸಿಕೊಂಡೆ. ಬಾಗಿಲು ಹಾಕಿಯೇ ಇತ್ತು. ಬ್ಯಾಗಿನಿಂದ ಕೀಲಿಕೈ ತೆಗೆದು, ತೆರೆದುಕೊಂಡು ಒಳಗೆ ಹೋದೆ.